ಅಲ್ಪವೆಚ್ಚದ ಪತ್ತೇದಾರಿ ಚಿತ್ರಗಳೂ ಟೆಲಿವಿಷನ್ನೂ: ಒಂದು ಸಾದೃಶ್ಯದ ವಿಚಾರ

ಎರಡನೆಯ ಮಹಾಯುದ್ಧದ ವರ್ಷಗಳಿಂದ ಮೊದಲುಗೊಂಡು ಸುಮಾರು ೧೯೫೮ರವರೆಗೆ ಅಮೆರಿಕದಲ್ಲಿ ತಯಾರಾದ, ಕಪ್ಪು ನೆರಳುಗಳಿಂದಲೂ ವಿಷಾದದಿಂದಲೂ ತುಂಬಿದ ಅಪರಾಧ ಚಿತ್ರಗಳು ಇಂದು 'ಫಿಲ್ಮ್ ನ್ವಾರ್' ಎಂಬ ಹೆಸರಿನಿಂದ ಪ್ರಸಿದ್ಧವಾಗಿವೆ. ಇವುಗಳ ಪೈಕಿ ಪತ್ತೇದಾರರನ್ನೂ ಪೋಲೀಸರನ್ನೂ ಕುರಿತು ಅಲ್ಪ ವೆಚ್ಚದಲ್ಲಿ ಸಿದ್ಧವಾದ ಚಿತ್ರಗಳನ್ನು ಈಗ ನೋಡುವವರ ಬಾಯಲ್ಲಿ ಒಂದು ಮಾತು ಮೇಲಿಂದ ಮೇಲೆ ಕೇಳಿಬರುತ್ತದೆ. ಒಂದು ಗಂಟೆಯ ಆಸುಪಾಸಿನ ಅವಧಿ, ನಾಲ್ಕಾರು ಕೋಣೆಗಳು, ಎರಡು ಮೂರು ಮುಖಗಳ ಸಮೀಪದೃಶ್ಯಗಳು, ಕತೆಯನ್ನು ಮುಂದಕ್ಕೆ ತಳ್ಳುವ ನಿರೂಪಕನ ದನಿ, ಇವನ್ನೆಲ್ಲ ಕಂಡು, ಇವು ಸಿನಿಮಾಗಳೆನ್ನುವುದಕ್ಕಿಂತ ಟೆಲಿವಿಷನ್ ನಾಟಕಗಳೆನ್ನುವುದೇ ಮೇಲು ಎಂದು ಅವರು ಹೇಳುತ್ತಾರೆ. ಇದು ಹೊಗಳಿಕೆಯ ಮಾತಲ್ಲವೆಂಬುದು ಸ್ಪಷ್ಟ.

ಈ ಸಾದೃಶ್ಯ ಕಣ್ಣಿಗೆ ಕಾಣುವಂಥದು. ಅದನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. ಆದರೆ ಇತಿಹಾಸದ ವಿದ್ಯಾರ್ಥಿಗೆ ಇಲ್ಲಿರುವ ತೊಡಕು ಕೂಡಲೆ ಹೊಳೆಯಬೇಕು. ೧೯೫೦ರಲ್ಲಿ ಕೂಡ ಅಮೆರಿಕದ ನೂರು ಮನೆಗಳಲ್ಲಿ ಒಂಬತ್ತರಲ್ಲಿ ಮಾತ್ರ ಟೆಲಿವಿಷನ್ ಇದ್ದಿತು. ೧೯೪೫ರ ಚಿತ್ರವೊಂದು ಟೆಲಿವಿಷನ್ನಿನಂತಿದೆ ಎನ್ನುವುದು, ಅಣ್ಣನು ಇನ್ನೂ ಹುಟ್ಟದ ತಮ್ಮನನ್ನು ನೋಡಿ ಅನುಕರಿಸಿದನು ಎಂದ ಹಾಗೆ. ಹೋಲಿಕೆ ನಿಜವಾದರೂ ಅದರ ದಿಕ್ಕು ತಿರುಗುಮುರುಗಾಗಿದೆ. ಆದುದರಿಂದ ಕೇಳತಕ್ಕ ಪ್ರಶ್ನೆ ಬೇರೆ: ಈ ಚಿತ್ರಗಳಿಗೂ ಟೆಲಿವಿಷನ್ನಿಗೂ ಸಮಾನವಾಗಿದ್ದ ಮೂಲ ಯಾವುದು, ಟೆಲಿವಿಷನ್ ಇವುಗಳಿಂದ ಏನನ್ನು ಪಡೆಯಿತು, ಏನನ್ನು ಬಿಟ್ಟಿತು?

ಹೆಸರಿನ ವಿಷಯದಲ್ಲಿಯೂ ಎಚ್ಚರ ಅವಶ್ಯ. ಫಿಲ್ಮ್ ನ್ವಾರ್ ಎಂಬ ಮಾತನ್ನು ಅಮೆರಿಕದ ಚಿತ್ರಗಳಿಗೆ ಅನ್ವಯಿಸಿದವನು ನೀನೊ ಫ್ರಾಂಕ್ ಎಂಬ ಫ್ರೆಂಚ್ ವಿಮರ್ಶಕ, ೧೯೪೬ರಲ್ಲಿ. ಬೋರ್ಡ್ ಮತ್ತು ಶೋಮತೋನ್ ಎಂಬ ಇಬ್ಬರು ಈ ವಿಷಯವಾಗಿ ಗ್ರಂಥವನ್ನು ಪ್ರಕಟಿಸಿದ್ದು ೧೯೫೫ರಲ್ಲಿ. ಚಿತ್ರಗಳನ್ನು ತಯಾರಿಸುತ್ತಿದ್ದವರಿಗೆ ಆ ಹೆಸರು ಗೊತ್ತಿರಲಿಲ್ಲ. ಅವರ ಲೆಕ್ಕದಲ್ಲಿ ಅವು 'ಮೆಲೊಡ್ರಾಮ'ಗಳು, ಅಥವಾ ಬರಿಯ ಅಪರಾಧ ಚಿತ್ರಗಳು. ಬಹುಮಟ್ಟಿಗೆ, ಶುಕ್ರವಾರದೊಳಗಾಗಿ ಮುಗಿಯಬೇಕಾದ ಕೆಲಸ.

ಮೊದಲು ಮಾರುಕಟ್ಟೆಯ ಸ್ವರೂಪವನ್ನು ನೋಡೋಣ. ೧೯೩೦ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ, ಖಾಲಿಯಾಗುತ್ತಿದ್ದ ಚಿತ್ರಮಂದಿರಗಳು ಒಂದೇ ಟಿಕೆಟ್ಟಿಗೆ ಎರಡು ಚಿತ್ರಗಳನ್ನು ತೋರಿಸುವ ಪದ್ಧತಿಯನ್ನು ಹಿಡಿದವು. ಮೊದಲನೆಯದು ಪ್ರಖ್ಯಾತ ನಟರಿರುವ ಮುಖ್ಯ ಚಿತ್ರ. ಎರಡನೆಯದು 'ಬಿ' ಚಿತ್ರ. ಮುಖ್ಯ ಚಿತ್ರಕ್ಕೆ ವಸೂಲಿಯ ಮೇಲೆ ಶೇಕಡಾವಾರು ಪಾಲು ಸಲ್ಲುತ್ತಿತ್ತು; ಬಿ ಚಿತ್ರಕ್ಕಾದರೋ ನಿಗದಿಯಾದ ಬಾಡಿಗೆ. ಇದರ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಚಿತ್ರ ಎಷ್ಟೇ ಸೊಗಸಾಗಿದ್ದರೂ ಆದಾಯ ಹೆಚ್ಚುವಂತಿಲ್ಲ. ಆದುದರಿಂದ ಲಾಭವೆಂಬುದು ವೆಚ್ಚದ ಕಡಿತದಿಂದಲೇ ಬರಬೇಕು. ಕೊಲಂಬಿಯ, ಆರ್‌ಕೆಓ ಮೊದಲಾದ ಸಂಸ್ಥೆಗಳು ಇದಕ್ಕಾಗಿ ಪ್ರತ್ಯೇಕ ಘಟಕಗಳನ್ನೇ ಇಟ್ಟುಕೊಂಡಿದ್ದವು. ರಿಪಬ್ಲಿಕ್, ಮೊನೊಗ್ರಾಂ, ಪಿಆರ್‌ಸಿ ಎಂಬ ಸಣ್ಣ ಸಂಸ್ಥೆಗಳು ಇದರಿಂದಲೇ ಬದುಕುತ್ತಿದ್ದವು; ಹಾಲಿವುಡ್ಡಿನವರು ಇವುಗಳ ನೆಲೆಯನ್ನು 'ಪಾವರ್ಟಿ ರೋ', ಎಂದರೆ ಬಡವರ ಕೇರಿ, ಎಂದು ಹಾಸ್ಯಮಾಡುತ್ತಿದ್ದರು. ಮುಂದೆ ಟೆಲಿವಿಷನ್ ಕಂತಿನ ನಿರ್ಮಾಪಕನ ಕೈಗೆ ಬಂದದ್ದೂ ಇದೇ ಬಗೆಯ ಲೆಕ್ಕ: ಕಂತಿಗೆ ಇಷ್ಟು ಎಂದು ಮೊದಲೇ ಗೊತ್ತಾದ ಬೆಲೆ. ಒಂದೇ ಲೆಕ್ಕ ಒಂದೇ ಬಗೆಯ ಚಿತ್ರವನ್ನು ಹುಟ್ಟಿಸಿದರೆ ಆಶ್ಚರ್ಯವೇನು?

ಈ ಬಡತನವನ್ನು ಕುರಿತ ಕಥೆಗಳನ್ನೆಲ್ಲ ಹಾಗೆಯೇ ನಂಬತಕ್ಕದ್ದಲ್ಲ. ಎಡ್ಗರ್ ಜಿ. ಅಲ್ಮರ್ ಪಿಆರ್‌ಸಿಗಾಗಿ ೧೯೪೫ರಲ್ಲಿ ನಿರ್ದೇಶಿಸಿದ 'ಡೀಟೂರ್' ಚಿತ್ರ ಆರೇ ದಿನಗಳಲ್ಲಿ, ಕವಡೆ ಕಾಸಿನಲ್ಲಿ ಮುಗಿಯಿತೆಂಬ ಐತಿಹ್ಯ ಬಹುಕಾಲ ಪ್ರಚಾರದಲ್ಲಿದ್ದಿತು. ಅದನ್ನು ಹೇಳಿದವನು ಸ್ವತಃ ಅಲ್ಮರನೇ. ಈಚಿನ ಸಂಶೋಧಕರು ಹಳೆಯ ಕಡತಗಳನ್ನು ತೆಗೆದು ನೋಡಲಾಗಿ ವೆಚ್ಚ ಒಂದು ಲಕ್ಷ ಡಾಲರುಗಳನ್ನು ದಾಟಿದ್ದುದು ತಿಳಿದುಬಂದಿದೆ. ಪ್ರತ್ಯಕ್ಷದರ್ಶಿಯ ಮಾತಿಗಿಂತ ಲೆಕ್ಕದ ಪುಸ್ತಕ ಹೆಚ್ಚು ಪ್ರಾಮಾಣಿಕವೆಂಬುದಕ್ಕೆ ತರಗತಿಯಲ್ಲಿ ಕೊಡಬಹುದಾದ ಒಳ್ಳೆಯ ಉದಾಹರಣೆಯಿದು. ಅದೇನೇ ಇರಲಿ, ಅರವತ್ತೆಂಟು ನಿಮಿಷಗಳ ಆ ಚಿತ್ರದಲ್ಲಿ ನ್ಯೂಯಾರ್ಕಿನ ಬೀದಿಯೊಂದನ್ನು ತೋರಿಸಬೇಕಾದಾಗ ದಟ್ಟವಾದ ಮಂಜನ್ನೂ ಬೀದಿಯ ಹೆಸರುಗಳ ಫಲಕಗಳನ್ನೂ ಮಾತ್ರ ತೋರಿಸಲಾಗಿದೆ. ಕಟ್ಟಡಗಳು ಇರಲಿಲ್ಲ, ಮಂಜು ಅಗ್ಗವಾಗಿ ದೊರೆಯುತ್ತಿತ್ತು.

ಎರಡನೆಯ ಸಮಾನ ಮೂಲ ರೇಡಿಯೊ. ಚಿತ್ರೇತಿಹಾಸಕಾರರು ಇದಕ್ಕೆ ಸಲ್ಲಬೇಕಾದ ಮಹತ್ವವನ್ನು ಕೊಟ್ಟಿಲ್ಲವೆಂದು ನಮ್ಮ ಅಭಿಪ್ರಾಯ. ೧೯೪೦ರ ದಶಕದ ಅಮೆರಿಕದ ಕುಟುಂಬ ಪ್ರತಿ ರಾತ್ರಿಯೂ ಅರ್ಧ ಗಂಟೆಯ ಪತ್ತೇದಾರಿ ಕಥೆಗಳನ್ನು ರೇಡಿಯೊದಲ್ಲಿ ಕೇಳುತ್ತಿದ್ದಿತು. ೧೯೪೨ರಲ್ಲಿ ಆರಂಭವಾದ 'ದಿ ವಿಸ್ಲರ್' ಎಂಬ ರೇಡಿಯೊ ಮಾಲೆಯನ್ನು ಕೊಲಂಬಿಯ ಸಂಸ್ಥೆ ೧೯೪೪ರಿಂದ ೧೯೪೮ರವರೆಗೆ ಎಂಟು ಚಿತ್ರಗಳಾಗಿ ತೆಗೆಯಿತು. ಒಂದೊಂದೂ ಸುಮಾರು ಒಂದು ಗಂಟೆಯದು. ಪ್ರತಿ ಚಿತ್ರದಲ್ಲಿಯೂ ಹೊಸ ಕಥೆ, ಹೊಸ ಪಾತ್ರಗಳು. ಮೊದಲಿನ ಏಳರಲ್ಲಿ ರಿಚರ್ಡ್ ಡಿಕ್ಸ್ ಎಂಬ ನಟನೇ ಬೇರೆ ಬೇರೆ ವೇಷಗಳಲ್ಲಿ ಕಾಣಿಸಿಕೊಳ್ಳುತ್ತಾನೆ. ಕಥೆಯನ್ನು ಆರಂಭಿಸುವವನು ಮುಖ ಕಾಣದ, ಸಿಳ್ಳು ಹಾಕುತ್ತ ನಡೆಯುವ ಒಂದು ನೆರಳು. ೧೯೫೫ರಲ್ಲಿ ಹಿಚ್‌ಕಾಕ್ ತನ್ನ ಟೆಲಿವಿಷನ್ ಮಾಲೆಯ ಆರಂಭದಲ್ಲಿ ತನ್ನ ಛಾಯಾರೇಖೆಯೊಳಗೆ ಬಂದು ನಿಂತಾಗ, ವಾರಕ್ಕೊಂದು ಹೊಸ ಅಪರಾಧವನ್ನು ಪರಿಚಯ ಮಾಡಿಕೊಡುವ ಆತಿಥೇಯನ ಪದ್ಧತಿ ಪ್ರೇಕ್ಷಕರಿಗೆ ಹೊಸದಾಗಿರಲಿಲ್ಲ. ಚಿತ್ರಕ್ಕೂ ಟೆಲಿವಿಷನ್ನಿಗೂ ರೇಡಿಯೊವೇ ತಂದೆ. ನಿರೂಪಕನ ದನಿಯೂ ಅಲ್ಲಿಂದಲೇ ಬಂದದ್ದು. ಹತ್ತು ದೃಶ್ಯಗಳಲ್ಲಿ ತೋರಿಸಬೇಕಾದುದನ್ನು ಹತ್ತು ವಾಕ್ಯಗಳಲ್ಲಿ ಹೇಳಿಬಿಡುವ ಆ ದನಿ, ಹಣವಿಲ್ಲದ ನಿರ್ಮಾಪಕನಿಗೆ ವರಪ್ರಾಯವಾಗಿದ್ದಿತು.

ಇನ್ನು ನಮ್ಮ ವಿಚಾರಕ್ಕೆ ಕೇಂದ್ರವಾದ ಚಿತ್ರ, ೧೯೪೮ರ 'ಹೀ ವಾಕ್ಡ್ ಬೈ ನೈಟ್'. ಇದನ್ನು ತಯಾರಿಸಿದ್ದು ಈಗಲ್-ಲಯನ್ ಸಂಸ್ಥೆ. ಪಿಆರ್‌ಸಿ ೧೯೪೭ರಲ್ಲಿ ಇದರಲ್ಲಿಯೇ ಲೀನವಾಗಿದ್ದಿತು. ನಿರ್ದೇಶಕನೆಂದು ಆಲ್ಫ್ರೆಡ್ ವರ್ಕರನ ಹೆಸರಿದ್ದರೂ ಸ್ವಲ್ಪ ಭಾಗವನ್ನು ಹೆಸರಿಲ್ಲದೆ ಆಂಟನಿ ಮಾನ್ ನಿರ್ದೇಶಿಸಿದನು. ಛಾಯಾಗ್ರಾಹಕ ಜಾನ್ ಆಲ್ಟನ್. ಲಾಸ್ ಏಂಜಲಿಸಿನ ಒಬ್ಬ ಕಳ್ಳ ಪೋಲೀಸಿನವನೊಬ್ಬನನ್ನು ಕೊಲ್ಲುತ್ತಾನೆ. ನಗರದ ಪೋಲೀಸು ಅವನನ್ನು ಹುಡುಕುತ್ತದೆ. ಕಥೆ ಇಷ್ಟೇ. ಇದು ನಿಜವಾಗಿ ನಡೆದ ಪ್ರಕರಣವೆಂದೂ, ಹೆಸರುಗಳನ್ನು ಮಾತ್ರ ಬದಲಾಯಿಸಲಾಗಿದೆಯೆಂದೂ ಆರಂಭದಲ್ಲಿಯೇ ಸಾರಲಾಗುತ್ತದೆ. ಆಧಾರವಾಗಿ ಒಂದು ಪ್ರಕರಣವಿದ್ದುದು ನಿಜ. ಆದರೆ ಚಿತ್ರದಲ್ಲಿ ಅಪರಾಧಿ ನಗರದ ಕೆಳಗಿನ ಮಳೆನೀರಿನ ಕಾಲುವೆಗಳಲ್ಲಿ ಓಡುತ್ತ ಗುಂಡಿಗೆ ಬಲಿಯಾಗುತ್ತಾನೆ. ನಿಜವಾದ ಅಪರಾಧಿ ೧೯೪೬ರ ಡಿಸೆಂಬರಿನಲ್ಲಿ ಜೀವಂತವಾಗಿ ಸಿಕ್ಕಿಬಿದ್ದನು. ಬದಲಾದದ್ದು ಹೆಸರುಗಳು ಮಾತ್ರವಲ್ಲ. ವಿಯೆನ್ನಾ ನಗರದ ಚರಂಡಿಗಳಿಂದ ಖ್ಯಾತವಾದ 'ದಿ ಥರ್ಡ್ ಮ್ಯಾನ್' ಬಂದದ್ದು ಇದರ ಮರುವರ್ಷ ಎಂಬುದನ್ನೂ ಇಲ್ಲಿ ನೆನೆಯಬಹುದು.

ಈ ಚಿತ್ರದಲ್ಲಿ ಪೋಲೀಸ್ ಪ್ರಯೋಗಶಾಲೆಯ ತಜ್ಞನಾಗಿ ಒಂದು ಚಿಕ್ಕ ಪಾತ್ರದಲ್ಲಿ ಅಭಿನಯಿಸಿದವನು ಜ್ಯಾಕ್ ವೆಬ್. ಸಾಕ್ಷಿಗಳನ್ನೆಲ್ಲ ಕೂರಿಸಿಕೊಂಡು, ಒಂದೊಂದಾಗಿ ಕಣ್ಣು, ಮೂಗು, ಗಲ್ಲಗಳ ಚಿತ್ರಗಳನ್ನು ಪರದೆಯ ಮೇಲೆ ಜೋಡಿಸುತ್ತ ಅಪರಾಧಿಯ ಮುಖವನ್ನು ಕಟ್ಟುವ ದೃಶ್ಯ ಅವನದು. ಚಿತ್ರಕ್ಕೆ ಸಲಹೆಗಾರನಾಗಿದ್ದ ಸಾರ್ಜೆಂಟ್ ಮಾರ್ಟಿ ವಿನ್ ಎಂಬ ಪೋಲೀಸ್ ಅಧಿಕಾರಿಯೊಡನೆ ವೆಬ್ ಆಡಿದ ಮಾತುಕತೆಗಳಿಂದ 'ಡ್ರ್ಯಾಗ್‌ನೆಟ್' ಹುಟ್ಟಿತು. ಅದು ೧೯೪೯ರ ಜೂನಿನಲ್ಲಿ ರೇಡಿಯೊದಲ್ಲಿ ಆರಂಭವಾಗಿ, ೧೯೫೧ರ ಡಿಸೆಂಬರಿನಲ್ಲಿ ಟೆಲಿವಿಷನ್ನಿಗೆ ಬಂದು, ೧೯೫೯ರವರೆಗೆ ನಡೆಯಿತು. ನಡುವೆ ೧೯೫೪ರಲ್ಲಿ ಅದೇ ಹೆಸರಿನ ಸಿನಿಮಾ ಕೂಡ ಬಂದಿತು. ಚಿತ್ರದಿಂದ ರೇಡಿಯೊ, ರೇಡಿಯೊದಿಂದ ಟೆಲಿವಿಷನ್, ಅಲ್ಲಿಂದ ಮರಳಿ ಚಿತ್ರ. ಪ್ರಭಾವವೆಂಬುದು ಒಂದೇ ದಿಕ್ಕಿಗೆ ಹರಿಯುವ ನದಿ ಎಂದು ಭಾವಿಸುವವರು ಈ ಸುತ್ತನ್ನು ಗಮನಿಸಬೇಕು. ಆ ಚಿತ್ರದ ನಿರೂಪಕ ರೀಡ್ ಹ್ಯಾಡ್ಲಿ ಕೂಡ ೧೯೫೦ರ ದಶಕದ ಆರಂಭದಲ್ಲಿ 'ರ್‍ಯಾಕೆಟ್ ಸ್ಕ್ವಾಡ್' ಎಂಬ ಟೆಲಿವಿಷನ್ ಮಾಲೆಯಲ್ಲಿ ಪೋಲೀಸ್ ಕ್ಯಾಪ್ಟನನಾಗಿ ನಟಿಸುತ್ತ, ಅದೇ ದನಿಯಲ್ಲಿ ಕಥೆಯನ್ನೂ ಹೇಳತೊಡಗಿದನು.

ಹೀಗಿರುವಲ್ಲಿ 'ಹೀ ವಾಕ್ಡ್ ಬೈ ನೈಟ್' ಟೆಲಿವಿಷನ್ನಿನಂತಿದೆ ಎಂದರೆ ಅದರಲ್ಲೇನು ವಿಶೇಷ? ಡ್ರ್ಯಾಗ್‌ನೆಟ್ ಅದರಂತೆ ಇದೆ ಎನ್ನಬೇಕು. ಆದರೆ ಪರಿಶೀಲನೆಯನ್ನು ಇಲ್ಲಿಗೇ ನಿಲ್ಲಿಸಲಾಗದು. ಚಿತ್ರವನ್ನು ಮತ್ತೊಮ್ಮೆ ನಿಧಾನವಾಗಿ ನೋಡಿದರೆ ಅದರಲ್ಲಿ ಎರಡು ಭಾಗಗಳು ಹೆಣೆದುಕೊಂಡಿರುವುದು ಕಾಣುತ್ತದೆ. ಒಂದು, ಪೋಲೀಸಿನವರ ಭಾಗ: ಕಚೇರಿ, ಕಡತ, ವಿಚಾರಣೆ, ಹಾಲು ಮಾರುವವನ ವೇಷ ಹಾಕಿ ಮನೆಮನೆಗೆ ತಿರುಗುವ ಅಧಿಕಾರಿ, ಬೇಸರ ಬರಿಸುವಷ್ಟು ತಾಳ್ಮೆಯ ಕೆಲಸ. ಇನ್ನೊಂದು, ಅಪರಾಧಿಯ ಭಾಗ. ರಿಚರ್ಡ್ ಬೇಸ್‌ಹಾರ್ಟ್ ಅಭಿನಯಿಸಿದ ಈ ಮನುಷ್ಯ ಒಬ್ಬಂಟಿ. ಸಂಗಾತಿ ಎಂದರೆ ಒಂದು ನಾಯಿ. ಗಾಯಗೊಂಡ ಅವನು ತನ್ನ ಕೋಣೆಯಲ್ಲಿ ತಾನೇ ತನ್ನ ಮೈಯಿಂದ ಗುಂಡನ್ನು ಕಿತ್ತುಕೊಳ್ಳುವ ದೃಶ್ಯದಲ್ಲಿ ಮಾತೇ ಇಲ್ಲ. ಅಲ್ಲಿ ನಿರೂಪಕನೂ ಬಾಯಿ ಮುಚ್ಚಿರುತ್ತಾನೆ. ಪೋಲೀಸಿನವರ ಭಾಗದಲ್ಲಿ ಬೆಳಕು ಸಾಧಾರಣ. ಅಪರಾಧಿಯ ಭಾಗದಲ್ಲಿ ಆಲ್ಟನ್ ಬಹುಪಾಲು ಪರದೆಯನ್ನು ಕತ್ತಲೆಗೇ ಬಿಟ್ಟುಕೊಟ್ಟು, ಒಂದು ಕೆನ್ನೆಯ ಮೇಲೆ, ಕಿಟಕಿಯ ಪಟ್ಟಿಗಳ ಮೇಲೆ, ಕಾಲುವೆಯ ನೀರಿನ ಮೇಲೆ ಮಾತ್ರ ದೀಪವನ್ನು ಹರಿಸಿದ್ದಾನೆ.

ಡ್ರ್ಯಾಗ್‌ನೆಟ್ ಪಡೆದುಕೊಂಡದ್ದು ಮೊದಲನೆಯ ಭಾಗವನ್ನು ಮಾತ್ರ. ಅಲ್ಲಿ ಕಥೆಯನ್ನು ಹೇಳುವವನು ಸಾರ್ಜೆಂಟ್ ಫ್ರೈಡೆಯೇ. ಅವನಿಗೆ ಗೊತ್ತಾಗದ ಸಂಗತಿ ನಮಗೂ ಗೊತ್ತಾಗುವುದಿಲ್ಲ. ಅವನು ಹೋಗದ ಕೋಣೆಗೆ ಕ್ಯಾಮರಾವೂ ಹೋಗುವುದಿಲ್ಲ. ಸಾಮಾನ್ಯವಾಗಿ ಅಪರಾಧಿ ನಮಗೆ ಕಾಣುವುದು ಪೋಲೀಸಿನವರು ಅವನ ಬಾಗಿಲನ್ನು ತಟ್ಟಿದ ಮೇಲೆಯೇ. ಅವನ ಏಕಾಂತ, ಅವನ ಭಯ, ಅವನ ರಾತ್ರಿ, ಇವು ಕಥೆಯಿಂದ ಹೊರಗಾದುವು. ವೆಬ್ ಬಹು ಜಾಣ. ನಟರು ಸಂಭಾಷಣೆಯನ್ನು ಕಂಠಪಾಠ ಮಾಡುವ ಹೊತ್ತನ್ನು ಉಳಿಸಲು ಟೆಲಿಪ್ರಾಂಪ್ಟರ್ ಯಂತ್ರವನ್ನು ಬಳಸಿಕೊಂಡು, ಸಮೀಪದೃಶ್ಯಗಳನ್ನು ಒಂದಾದಮೇಲೊಂದು ಪೋಣಿಸುವ ಶೈಲಿಯನ್ನು ರೂಢಿಗೆ ತಂದನು. ಆ ಶೈಲಿಗೆ ಅದರದೇ ಆದ ಗತ್ತು ಉಂಟು. ಆದರೆ ಚಿತ್ರದ ಅರ್ಧವನ್ನು ಕತ್ತರಿಸಿ ತೆಗೆದ ಮೇಲೆ ಉಳಿದ ಅರ್ಧವನ್ನೇ ಇಡಿಯ ಚಿತ್ರದ ಲಕ್ಷಣವೆಂದು ನಾವು ಇಂದು ಭಾವಿಸುತ್ತಿದ್ದೇವೆ. ಟೆಲಿವಿಷನ್ನಿನಂತಿದೆ ಎಂಬ ಮಾತಿನಲ್ಲಿರುವ ಅನ್ಯಾಯ ಇದು.

ಇದೇ ಪರೀಕ್ಷೆಯನ್ನು ರಿಚರ್ಡ್ ಫ್ಲೈಷರನ 'ದಿ ನ್ಯಾರೋ ಮಾರ್ಜಿನ್' ಚಿತ್ರಕ್ಕೂ ಮಾಡಬಹುದು. ೧೯೫೦ರಲ್ಲಿ ಚಿತ್ರೀಕರಿಸಿದ ಇದನ್ನು ಆರ್‌ಕೆಓದ ಒಡೆಯ ಹೊವರ್ಡ್ ಹ್ಯೂಸ್ ತಡೆದಿಟ್ಟು ೧೯೫೨ರಲ್ಲಿ ಬಿಡುಗಡೆ ಮಾಡಿದನು. ಎಪ್ಪತ್ತೊಂದು ನಿಮಿಷಗಳ ಈ ಚಿತ್ರದಲ್ಲಿ ಒಬ್ಬ ಪತ್ತೇದಾರ, ಸಾಕ್ಷಿ ಹೇಳಬೇಕಾದ ಒಬ್ಬಾಕೆಯನ್ನು ರೈಲಿನಲ್ಲಿ ಕರೆದೊಯ್ಯುತ್ತಾನೆ. ಕೊಲೆಗಾರರು ಅದೇ ರೈಲಿನಲ್ಲಿದ್ದಾರೆ. ಬಹುತೇಕ ಎಲ್ಲವೂ ಇಕ್ಕಟ್ಟಾದ ಓಣಿಯಲ್ಲಿಯೂ ಡಬ್ಬದಂಥ ಕೋಣೆಗಳಲ್ಲಿಯೂ ನಡೆಯುತ್ತದೆ. ರೈಲಿನ ಡಬ್ಬಿಯನ್ನು ನೆಲಕ್ಕೆ ಭದ್ರಪಡಿಸಿ, ಕ್ಯಾಮರಾವನ್ನೇ ಅಲುಗಿಸಿ ಓಟದ ಭ್ರಮೆಯನ್ನು ತಂದರು. ಹಿನ್ನೆಲೆ ಸಂಗೀತವಿಲ್ಲ, ಗಾಲಿಗಳ ಸದ್ದೇ ಸಂಗೀತ. ಮೇಲ್ನೋಟಕ್ಕೆ ಇದಕ್ಕಿಂತ ಟೆಲಿವಿಷನ್ನಿಗೆ ಹತ್ತಿರವಾದ ಚಿತ್ರ ಮತ್ತೊಂದಿಲ್ಲ. ಆದರೆ ಇಲ್ಲಿ ಇಕ್ಕಟ್ಟು ಎಂಬುದು ಹಣದ ಕೊರತೆಯಿಂದ ಬಂದು, ಕಥೆಯ ಅರ್ಥವೇ ಆಗಿಬಿಟ್ಟಿದೆ. ದಪ್ಪನೆಯ ಪ್ರಯಾಣಿಕನೊಬ್ಬ ಓಣಿಯನ್ನು ಅಡ್ಡಗಟ್ಟಿದರೆ ಸಾಕು, ಪ್ರೇಕ್ಷಕನಿಗೆ ಉಸಿರು ಕಟ್ಟುತ್ತದೆ. ಕಿಟಕಿಯ ಗಾಜಿನ ಪ್ರತಿಬಿಂಬಗಳನ್ನು ಕಥೆಗೆ ದುಡಿಸಿಕೊಂಡ ಬಗೆ, ನಮಗೆ ತೋರುವಂತೆ, ಆ ಕಾಲದ ಎಷ್ಟೋ ದೊಡ್ಡ ಚಿತ್ರಗಳಲ್ಲಿ ಸಿಗದಂಥದು.

ಈ ಚಿತ್ರದ ನಾಯಕ ಚಾರ್ಲ್ಸ್ ಮೆಗ್ರಾ ೧೯೫೪ರಲ್ಲಿ 'ಫಾಲ್ಕನ್' ಪತ್ತೇದಾರನಾಗಿ ಟೆಲಿವಿಷನ್ನಿಗೆ ಹೋದನು. ಛಾಯಾಗ್ರಾಹಕ ಜಾರ್ಜ್ ಡಿಸ್ಕಂಟ್ ಫೋರ್ ಸ್ಟಾರ್ ಎಂಬ ಟೆಲಿವಿಷನ್ ಸಂಸ್ಥೆಯನ್ನು ಸೇರಿದನು. ಆ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬನಾದ ಡಿಕ್ ಪವೆಲ್, ೧೯೪೪ರ 'ಮರ್ಡರ್, ಮೈ ಸ್ವೀಟ್' ಚಿತ್ರದಲ್ಲಿ ಫಿಲಿಪ್ ಮಾರ್ಲೊ ಎಂಬ ಪತ್ತೇದಾರನ ಪಾತ್ರವನ್ನು ವಹಿಸಿದ್ದವನು. ಅವನು ೧೯೫೪ರ ಅಕ್ಟೋಬರಿನಲ್ಲಿ ಅದೇ ಮಾರ್ಲೊ ಆಗಿ ಟೆಲಿವಿಷನ್ನಿನ ನೇರ ಪ್ರಸಾರದ ನಾಟಕವೊಂದರಲ್ಲಿ ಬಂದಾಗ, ಹೆಣವಾಗಿ ಮಲಗಿದ್ದ ನಟನೊಬ್ಬ ತನ್ನ ದೃಶ್ಯ ಮುಗಿಯಿತೆಂದು ತಿಳಿದು ಎದ್ದು ನಡೆದುಹೋದದ್ದನ್ನು ದೇಶವೆಲ್ಲ ನೋಡಿತಂತೆ. ಅಲ್ಪವೆಚ್ಚದ ಚಿತ್ರಗಳನ್ನು ಎಷ್ಟೇ ಹಳಿದರೂ, ಅವುಗಳಲ್ಲಿ ಹೆಣಗಳು ಎದ್ದು ಹೋಗುತ್ತಿರಲಿಲ್ಲ.

ಹೀಗೆ ಜನ ವಲಸೆ ಹೋಗುವುದಕ್ಕೆ ಕಾರಣಗಳು ಸುಪರಿಚಿತವಾದುವು. ೧೯೪೮ರ ಮೇ ತಿಂಗಳಿನಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಪ್ಯಾರಾಮೌಂಟ್ ಮೊಕದ್ದಮೆಯಲ್ಲಿ ತೀರ್ಪಿತ್ತು, ಹಲವು ಚಿತ್ರಗಳನ್ನು ಒಟ್ಟಿಗೆ ಕಟ್ಟಿ ಚಿತ್ರಮಂದಿರಗಳ ಮೇಲೆ ಹೇರುವ ಪದ್ಧತಿಯನ್ನು ನಿಷೇಧಿಸಿತು. ಈ ಕಟ್ಟಿನ ಆಸರೆಯಲ್ಲಿ ಬದುಕಿದ್ದ ಬಿ ಚಿತ್ರಕ್ಕೆ ಅದು ದೊಡ್ಡ ಪೆಟ್ಟು. ೧೯೫೫ರ ವೇಳೆಗೆ ಅಮೆರಿಕದ ಮನೆಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಟೆಲಿವಿಷನ್ ಹೊಂದಿದ್ದವು. ರಿಪಬ್ಲಿಕ್ ತನ್ನ ಅಂಗಳವನ್ನು ರೆವ್ಯೂ ಎಂಬ ಟೆಲಿವಿಷನ್ ಸಂಸ್ಥೆಗೆ ಬಾಡಿಗೆಗೆ ಕೊಟ್ಟಿತು. ೧೯೫೭ರಲ್ಲಿ ಆರ್‌ಕೆಓ ಸ್ಟುಡಿಯೋವನ್ನು ಡೆಸಿಲು ಸಂಸ್ಥೆ ಕೊಂಡಿತು. ಅದರ ಒಡತಿ ಲೂಸಿಲ್ ಬಾಲ್ ಒಂದು ಕಾಲದಲ್ಲಿ ಅದೇ ಆರ್‌ಕೆಓದ ಸಂಬಳದ ನಟಿ, ೧೯೪೬ರ 'ದಿ ಡಾರ್ಕ್ ಕಾರ್ನರ್' ಚಿತ್ರದಲ್ಲಿ ಖಾಸಗಿ ಪತ್ತೇದಾರನೊಬ್ಬನ ಕಾರ್ಯದರ್ಶಿಯ ಪಾತ್ರವನ್ನು ಮಾಡಿದ್ದವಳು.

ಜನವೂ ಅಂಗಳವೂ ಹೋದರೂ ಎರಡು ವಸ್ತುಗಳು ಪೂರ್ತಿಯಾಗಿ ಹೋಗಲಿಲ್ಲ. ಮೊದಲನೆಯದು ಕತ್ತಲೆ. ಆ ಕಾಲದ ಟೆಲಿವಿಷನ್ ಯಂತ್ರದ ಪರದೆ ಚಿಕ್ಕದು. ಕಡುಗಪ್ಪಿಗೂ ಬಿಳುಪಿಗೂ ನಡುವಣ ಅಂತರವನ್ನು ತೋರುವ ಶಕ್ತಿ ಅದಕ್ಕೆ ಕಡಿಮೆ. ಆಲ್ಟನನ ಕತ್ತಲೆ ಅಲ್ಲಿ ಬೂದುಬಣ್ಣದ ಕೆಸರಾಗುತ್ತಿತ್ತು. ಆದುದರಿಂದ ಎಲ್ಲೆಡೆಯೂ ಸಮನಾಗಿ ಬೆಳಕು ಚೆಲ್ಲುವುದು ಯಂತ್ರಕ್ಕೂ ಅನುಕೂಲ, ಬೇಗ ಕೆಲಸ ಮುಗಿಸುವುದಕ್ಕೂ ಅನುಕೂಲ. 'ಪೀಟರ್ ಗನ್' ಮೊದಲಾದ ಕೆಲವು ಮಾಲೆಗಳು ೧೯೫೮ರ ಬಳಿಕ ನೆರಳನ್ನು ಪುನಃ ತಂದುದು ನಿಜ. ಆದರೆ ಅಲ್ಲಿ ಅದು ಜಾಝ್ ಸಂಗೀತದೊಡನೆ ಬರುವ ಒಂದು ಅಲಂಕಾರ. ಎರಡನೆಯದು ನಾಯಕನ ವಿಧಿ. ವಾರವಾರವೂ ಮರಳಿ ಬರಬೇಕಾದ ಪತ್ತೇದಾರ ಸಾಯಲಾರ, ಕೆಡಲಾರ, ಮೋಸ ಹೋದರೂ ಅದನ್ನು ಮುಂದಿನ ವಾರಕ್ಕೆ ಹೊತ್ತು ತರಲಾರ. ಕೊಲಂಬಿಯದ 'ಬೋಸ್ಟನ್ ಬ್ಲ್ಯಾಕಿ' ಮಾಲೆಯ ಹದಿನಾಲ್ಕು ಚಿತ್ರಗಳಲ್ಲಿ ಆಗಲೇ ಈ ಅಮರತ್ವವನ್ನು ಕಾಣುತ್ತೇವೆ. ಅದು ೧೯೫೧ರಲ್ಲಿ ಸಲೀಸಾಗಿ ಟೆಲಿವಿಷನ್ ಸೇರಿದ್ದೂ ಅದಕ್ಕಾಗಿಯೇ ಇರಬೇಕು. ಒಂದೇ ಚಿತ್ರದಲ್ಲಿ ಹುಟ್ಟಿ ಮುಗಿಯುವ ನಾಯಕನಿಗೆ ಆ ರಕ್ಷೆಯಿಲ್ಲ.

ಈ ಚಿತ್ರಗಳು ನಮ್ಮ ಕೈಗೆ ಬಂದ ದಾರಿಯನ್ನೂ ಗಮನಿಸಬೇಕು. ೧೯೫೫ರಲ್ಲಿ ಆರ್‌ಕೆಓದ ಹಳೆಯ ಚಿತ್ರಗಳೆಲ್ಲ ಟೆಲಿವಿಷನ್ ಪ್ರಸಾರಕ್ಕಾಗಿ ಮಾರಾಟವಾದವು; ಇತರ ಸಂಸ್ಥೆಗಳೂ ಅದೇ ದಾರಿ ಹಿಡಿದವು. ಮುಂದಿನ ಎರಡು ತಲೆಮಾರುಗಳು ಇವನ್ನು ನೋಡಿದ್ದು ನಡುರಾತ್ರಿಯ ಟೆಲಿವಿಷನ್ನಿನಲ್ಲಿಯೇ, ಜಾಹೀರಾತುಗಳ ನಡುವೆ. ೧೯೫೩ರಿಂದೀಚೆಗೆ ಸಿನಿಮಾಸ್ಕೋಪಿನ ದೊಡ್ಡ ಚಿತ್ರಗಳು ಅಗಲವಾಗುತ್ತ ಹೋದವು. ಹಳೆಯ ಚಿತ್ರಗಳ ಬಹುಮಟ್ಟಿಗೆ ಚೌಕಾಕಾರದ ಚೌಕಟ್ಟಾದರೋ ಟೆಲಿವಿಷನ್ ಪರದೆಗೆ ಹೇಳಿ ಮಾಡಿಸಿದಂತೆ ಕೂಡುತ್ತಿತ್ತು. 'ಡೀಟೂರ್', 'ಹೀ ವಾಕ್ಡ್ ಬೈ ನೈಟ್' ಮುಂತಾದವುಗಳ ಹಕ್ಕುಗಳನ್ನು ಯಾರೂ ನವೀಕರಿಸದ ಕಾರಣ ಅವು ಸಾರ್ವಜನಿಕ ಸ್ವತ್ತಾಗಿ, ಪ್ರತಿಯ ಪ್ರತಿಯ ಪ್ರತಿಗಳು ಮಸುಕಾಗುತ್ತ ಹರಡಿದವು. ೨೦೧೮ರಲ್ಲಿ ಅಕಾಡೆಮಿ ಚಿತ್ರಸಂಗ್ರಹಾಲಯ ಮತ್ತಿತರರು 'ಡೀಟೂರ್' ಚಿತ್ರವನ್ನು ಜೀರ್ಣೋದ್ಧಾರ ಮಾಡಿ ಹೊರತಂದಾಗ, ಸಪ್ಪೆಯಾದ ಬೂದು ಚಿತ್ರವೆಂದು ತಿಳಿದಿದ್ದವರಿಗೆ ಅದರ ಕಪ್ಪು ಎಷ್ಟು ಆಳವಾದದ್ದೆಂಬುದು ಕಣ್ಣಿಗೆ ಬಿದ್ದಿತು. ಟೆಲಿವಿಷನ್ ಗುಣವೆಂದು ನಾವು ಎಣಿಸಿದ್ದರಲ್ಲಿ ಒಂದು ಪಾಲು ಚಿತ್ರದ್ದಲ್ಲ, ಪ್ರತಿಯದು.

ಇಂಗ್ಲೆಂಡಿನ ಸಂಗತಿ ಸ್ವಲ್ಪ ಬೇರೆ. ಲಂಡನ್ನಿನ ಮರ್ಟನ್ ಪಾರ್ಕ್ ಸ್ಟುಡಿಯೋದಲ್ಲಿ ೧೯೬೦ರಿಂದ ೧೯೬೫ರವರೆಗೆ ತಯಾರಾದ, ಒಂದೊಂದು ಗಂಟೆಯ ಎಡ್ಗರ್ ವ್ಯಾಲೇಸ್ ಪತ್ತೇದಾರಿ ಚಿತ್ರಗಳು ಚಿತ್ರಮಂದಿರಗಳಿಗೆಂದೇ ತೆಗೆದವುಗಳಾದರೂ ಅಮೆರಿಕದಲ್ಲಿ ಟೆಲಿವಿಷನ್ ಮಾಲೆಯಾಗಿ ಪ್ರಸಾರವಾದವು. ಇವನ್ನು ಟೆಲಿವಿಷನ್ನಿನಂತಿವೆ ಎಂದರೆ ಕಾಲದೋಷವಿಲ್ಲ. ಆ ವೇಳೆಗೆ ತಮ್ಮನು ಬೆಳೆದು ಮನೆಯ ಯಜಮಾನನಾಗಿದ್ದನು.

ಕೊನೆಯದಾಗಿ ಒಂದು ಚಿತ್ರವನ್ನು ಹೆಸರಿಸಬೇಕು. ೧೯೬೦ರಲ್ಲಿ ಹಿಚ್‌ಕಾಕ್ 'ಸೈಕೋ' ಚಿತ್ರವನ್ನು ಸುಮಾರು ಎಂಟು ಲಕ್ಷ ಡಾಲರುಗಳಲ್ಲಿ, ತನ್ನ ಟೆಲಿವಿಷನ್ ಮಾಲೆಯ ಕೆಲಸಗಾರರನ್ನೇ ಬಹುಮಟ್ಟಿಗೆ ಇಟ್ಟುಕೊಂಡು ತೆಗೆದನು. ಛಾಯಾಗ್ರಾಹಕ ಜಾನ್ ಎಲ್. ರಸೆಲ್ ಆ ಮಾಲೆಯವನು. ಅದಕ್ಕೂ ಹಿಂದೆ, ೧೯೫೩ರಲ್ಲಿ, ಅವನು ರಿಪಬ್ಲಿಕ್ ಸಂಸ್ಥೆಗಾಗಿ 'ಸಿಟಿ ದಟ್ ನೆವರ್ ಸ್ಲೀಪ್ಸ್' ಎಂಬ ರಾತ್ರಿಯ ಪೋಲೀಸ್ ಚಿತ್ರವನ್ನು ಚಿತ್ರೀಕರಿಸಿದ್ದನು. ಬಡವರ ಕೇರಿಯಿಂದ ಟೆಲಿವಿಷನ್ನಿಗೆ, ಟೆಲಿವಿಷನ್ನಿನಿಂದ ಮರಳಿ ದೊಡ್ಡ ಪರದೆಗೆ ಅವನ ಪಯಣ. 'ಸೈಕೋ' ಚಿತ್ರದಲ್ಲಿಯೂ ಒಬ್ಬ ಖಾಸಗಿ ಪತ್ತೇದಾರನಿದ್ದಾನೆ. ಅವನು ಟೋಪಿಯನ್ನು ಕೈಯಲ್ಲಿ ಹಿಡಿದು ಹಳೆಯ ಮನೆಯ ಮೆಟ್ಟಿಲುಗಳನ್ನು ಹತ್ತುತ್ತಾನೆ. ಟೆಲಿವಿಷನ್ ಮಾಲೆಯಾಗಿದ್ದರೆ ಅವನಿಗೆ ಮುಂದಿನ ವಾರವೊಂದು ಇರುತ್ತಿತ್ತು; ಇಲ್ಲಿ ಮೆಟ್ಟಿಲುಗಳ ತುದ���ಯಲ್ಲಿ ಬಾಗಿಲು ತೆರೆಯುತ್ತದೆ, ಕತ್ತಿ ಬರುತ್ತದೆ.